ಖಾಸಗಿ ವಿದ್ಯಾಸಂಸ್ಥೆಗಳ ಸಿಬ್ಬಂದಿ: ಲೆಕ್ಕಪುಸ್ತಕಕ್ಕೆ ಬಾರದ ಅತೃಪ್ತಿ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ಪ್ರದೇಶಗಳ ಆರ್ಥಿಕ ಜೀವನದಲ್ಲಿ ಅಕ್ಕಿ, ಅಡಿಕೆ, ಹೆಂಚು, ಗೇರುಬೀಜ ಹಾಗೂ ಬೀಡಿಗೆ ಇದ್ದ ಸ್ಥಾನವನ್ನು ಇಂದು ಶಿಕ್ಷಣವು ಬಹುಮಟ್ಟಿಗೆ ಹಂಚಿಕೊಂಡಿದೆ. ಇದರ ತಳಪಾಯ ಬಿದ್ದುದು ಕೇವಲ ಮೂರು ವರ್ಷಗಳ ಅವಧಿಯಲ್ಲಿ. ಮೂಡುಬಿದಿರೆಯಲ್ಲಿ ಶ್ರೀ ಮಹಾವೀರ ಕಾಲೇಜು 1965ರಲ್ಲಿ, ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು 1966ರಲ್ಲಿ, ಬಂಟ್ವಾಳದಲ್ಲಿ ಶ್ರೀ ವೆಂಕಟರಮಣ ಸ್ವಾಮಿ ಕಾಲೇಜು 1968ರಲ್ಲಿ ಆರಂಭಗೊಂಡವು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 1995ರಲ್ಲಿ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ರೂಪುಗೊಂಡ ನಂತರ ಮೂಡುಬಿದಿರೆಯ ಚಹರೆಯೇ ಬದಲಾಯಿತು. ಸಾವಿರ ಕಂಬದ ಬಸದಿಯನ್ನು ನೋಡಲು ಜನ ಬರುತ್ತಿದ್ದ ಊರಿಗೆ ಹೊರಜಿಲ್ಲೆಗಳ ಮಕ್ಕಳು ಹಾಸಿಗೆ, ಪೆಟ್ಟಿಗೆಗಳೊಡನೆ ಬಂದು ವರ್ಷಗಟ್ಟಲೆ ನೆಲೆಸತೊಡಗಿದರು.

ಈ ಬೆಳವಣಿಗೆಯಿಂದ ವರ್ತಕ ಸಮುದಾಯಕ್ಕೆ ಆದ ಲಾಭವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ದಿನಸಿ, ತರಕಾರಿ, ಸಮವಸ್ತ್ರ, ಮುದ್ರಣ, ಪೀಠೋಪಕರಣ, ಬಸ್ಸು, ಬಾಡಿಗೆ ಮನೆ, ಹೀಗೆ ಪ್ರತಿಯೊಂದು ವ್ಯಾಪಾರವೂ ಶಾಲೆ ಕಾಲೇಜುಗಳ ವೇಳಾಪಟ್ಟಿಯನ್ನು ನೋಡಿಯೇ ನಡೆಯುತ್ತದೆ. ಆದರೆ ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಸಂಬಂಧವಿದೆ. ಈ ಸಂಸ್ಥೆಗಳಲ್ಲಿ ಅನೇಕವನ್ನು ನಡೆಸುತ್ತಿರುವ ಆಡಳಿತ ಮಂಡಳಿಗಳಲ್ಲಿ ಸಂಚಾಲಕರಾಗಿ, ಕೋಶಾಧಿಕಾರಿಗಳಾಗಿ, ಟ್ರಸ್ಟಿಗಳಾಗಿ ಕುಳಿತಿರುವವರು ವರ್ತಕರೂ ಸಣ್ಣ ಉದ್ಯಮಿಗಳೂ ಆಗಿದ್ದಾರೆ. ತಮ್ಮ ಗಿರಣಿಯಲ್ಲಿಯೋ ಅಂಗಡಿಯಲ್ಲಿಯೋ ಒಬ್ಬ ನುರಿತ ಕೆಲಸಗಾರ ಬಿಟ್ಟುಹೋದರೆ ಆಗುವ ನಷ್ಟವನ್ನು ಇವರು ಚೆನ್ನಾಗಿ ಬಲ್ಲರು. ಅದೇ ನಷ್ಟ ತಾವು ನಡೆಸುವ ಶಾಲೆಯಲ್ಲಿ ಪ್ರತಿ ಮೇ ತಿಂಗಳಲ್ಲಿ ಆಗುತ್ತಿದ್ದರೂ ಅದು ಜಮಾ-ಖರ್ಚಿನಲ್ಲಿ ಕಾಣಿಸುವುದಿಲ್ಲ. ಹೊಸ ಶಿಕ್ಷಕಿಯ ಸಂಬಳ ಹಳೆಯವರದ್ದಕ್ಕಿಂತ ಕಡಿಮೆಯಿರುವುದರಿಂದ ಆ ವರ್ಷ ಉಳಿತಾಯವಾದಂತೆಯೇ ತೋರುತ್ತದೆ!

ತೃಪ್ತಿ ಮತ್ತು ಅತೃಪ್ತಿ ಒಂದೇ ನಾಣ್ಯದ ಮುಖಗಳಲ್ಲ

ಉದ್ಯೋಗ ತೃಪ್ತಿ ಎಂಬ ವಿಷಯಕ್ಕೆ ಶಾಸ್ತ್ರೀಯ ರೂಪ ದೊರೆತದ್ದು ಅಮೆರಿಕದ ರಾಬರ್ಟ್ ಹಾಪಕ್ 1935ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಆ ಅಧ್ಯಯನದಲ್ಲಿ ಶಿಕ್ಷಕರೂ ಸೇರಿದ್ದರು. ಆದರೆ ಆಡಳಿತ ನಡೆಸುವವರಿಗೆ ಹೆಚ್ಚು ಉಪಯುಕ್ತವಾದದ್ದು ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಸಂಗಡಿಗರು 1959ರಲ್ಲಿ ಮಂಡಿಸಿದ ಸಿದ್ಧಾಂತ. ಪಿಟ್ಸ್‌ಬರ್ಗ್ ಪ್ರದೇಶದ ಸುಮಾರು 200 ಎಂಜಿನಿಯರು ಮತ್ತು ಲೆಕ್ಕಿಗರನ್ನು ಸಂದರ್ಶಿಸಿ ಅವರು ಕಂಡುಕೊಂಡದ್ದು ಇಷ್ಟು: ಸಂಬಳ, ಮೇಲಧಿಕಾರಿಯ ವರ್ತನೆ, ಸಂಸ್ಥೆಯ ನಿಯಮಗಳು, ಕೆಲಸದ ಪರಿಸರ, ಭದ್ರತೆ ಇವು ಕೆಟ್ಟಿದ್ದರೆ ನೌಕರ ಅತೃಪ್ತನಾಗುತ್ತಾನೆ, ಆದರೆ ಇವು ಸರಿಯಿದ್ದ ಮಾತ್ರಕ್ಕೆ ತೃಪ್ತನಾಗಿಬಿಡುವುದಿಲ್ಲ. ತೃಪ್ತಿಯ ಮೂಲಗಳು ಬೇರೆ: ಸಾಧನೆ, ಮನ್ನಣೆ, ಕೆಲಸದಲ್ಲಿಯೇ ಇರುವ ಸ್ವಾರಸ್ಯ, ಹೊಣೆಗಾರಿಕೆ, ಮುನ್ನಡೆ.

ಈ ಸಿದ್ಧಾಂತದ ಬಗ್ಗೆ ಆಕ್ಷೇಪಗಳು ಇಲ್ಲದಿಲ್ಲ. ಆದರೂ ಶಾಲೆಯ ಮಟ್ಟಿಗೆ ಇದು ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತದೆ. ಅಧ್ಯಾಪನ ವೃತ್ತಿಯಲ್ಲಿ ತೃಪ್ತಿಯ ಮೂಲಗಳು ಸಹಜವಾಗಿಯೇ ಹೇರಳವಾಗಿವೆ. ಹತ್ತನೆಯ ತರಗತಿಯ ಫಲಿತಾಂಶದ ದಿನ, ಹಿಂದಿನ ಬೆಂಚಿನ ಹುಡುಗ ಉತ್ತೀರ್ಣನಾದ ಸುದ್ದಿ, ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಹಳೆಯ ವಿದ್ಯಾರ್ಥಿ ಬಂದು 'ನಮಸ್ಕಾರ ಟೀಚರ್' ಎನ್ನುವುದು, ಇವುಗಳಿಗೆ ಯಾವ ಆಡಳಿತ ಮಂಡಳಿಯೂ ಹಣ ಖರ್ಚು ಮಾಡಬೇಕಾಗಿಲ್ಲ. ಇದರಿಂದಲೇ ಒಂದು ತಪ್ಪು ಗ್ರಹಿಕೆ ಹುಟ್ಟಿಕೊಂಡಿದೆ. 'ನಮ್ಮಲ್ಲಿ ಎಲ್ಲರೂ ಸಂತೋಷವಾಗಿದ್ದಾರೆ' ಎಂದು ಸಂಚಾಲಕರು ಹೇಳುವಾಗ ಅದು ಸುಳ್ಳಲ್ಲ. ಆದರೆ ಪಾಠ ಮಾಡುವ ಸಂತೋಷ ಮತ್ತು ಸಂಬಳದ ಅನಿಶ್ಚಿತತೆಯ ಕಳವಳ ಒಬ್ಬರ ಮನಸ್ಸಿನಲ್ಲಿಯೇ ಒಟ್ಟಿಗೆ ಇರಬಲ್ಲವು. ಮೊದಲನೆಯದು ಅವರನ್ನು ತರಗತಿಯಲ್ಲಿ ಚೆನ್ನಾಗಿ ದುಡಿಯುವಂತೆ ಮಾಡುತ್ತದೆ. ಎರಡನೆಯದು ಅವರನ್ನು ಸರಕಾರಿ ನೇಮಕಾತಿಯ ಅರ್ಜಿ ತುಂಬುವಂತೆ ಮಾಡುತ್ತದೆ.

ಬೋಧಕೇತರ ಸಿಬ್ಬಂದಿಯ ಸ್ಥಿತಿ ಇದಕ್ಕಿಂತ ಕಠಿಣ. ಕಚೇರಿಯ ಗುಮಾಸ್ತೆಯು ವಿದ್ಯಾರ್ಥಿಗಳ ವಿವರವನ್ನು ಸ್ಯಾಟ್ಸ್ ತಂತ್ರಾಂಶಕ್ಕೆ ತುಂಬಲು ಸರ್ವರ್ ಬಿಡುವಾಗುವವರೆಗೆ ರಾತ್ರಿ ಕಾಯುತ್ತಾಳೆ. ಶಾಲಾ ವಾಹನದ ಚಾಲಕನು ಬೆಳ್ತಂಗಡಿಯ ತಿರುವುರಸ್ತೆಗಳಲ್ಲಿ ಮಳೆಗಾಲದ ನಾಲ್ಕು ತಿಂಗಳು ಬೇರೆಯವರ ಮಕ್ಕಳ ಜೀವವನ್ನು ಹೊತ್ತು ಸಾಗುತ್ತಾನೆ. ವಿದ್ಯಾರ್ಥಿನಿಲಯದ ಅಡುಗೆಯವರು ನಸುಕಿನಲ್ಲಿಯೇ ಒಲೆ ಹಚ್ಚುತ್ತಾರೆ. ಫಲಿತಾಂಶದ ಅಭಿನಂದನಾ ಸಭೆಯಲ್ಲಿ ಇವರ ಹೆಸರು ಕೇಳಿಬರುವುದು ವಿರಳ. ಮನ್ನಣೆಯ ಮೂಲವೇ ಇಲ್ಲದವರಿಗೆ ಸಂಬಳ, ರಜೆ ಮತ್ತು ಮರ್ಯಾದೆಯ ಮಾತು ಇವಿಷ್ಟೇ ಉಳಿಯುತ್ತವೆ. ಆದುದರಿಂದ ಇವುಗಳಲ್ಲಿ ಆಗುವ ಸಣ್ಣ ಲೋಪವೂ ಇವರಿಗೆ ದೊಡ್ಡದಾಗುತ್ತದೆ.

ತಾಯಿಗಿದ್ದ ಭದ್ರತೆ ಮಗಳಿಗೆ ಇಲ್ಲ

ಈ ಮೂರು ತಾಲ್ಲೂಕುಗಳ ಅನೇಕ ಶಿಕ್ಷಕಿಯರು ಬೀಡಿ ಕಟ್ಟಿದ ತಾಯಂದಿರ ಮಕ್ಕಳು. ಬ್ರಾಂಚಿನಿಂದ ಎಲೆ, ತಂಬಾಕು ತಂದು ಮನೆಯ ಚಾವಡಿಯಲ್ಲಿ ಕುಳಿತು ಸುತ್ತಿದ ಬೀಡಿಯ ಹಣದಿಂದಲೇ ಮಗಳ ಬಿ.ಎಡ್. ಶುಲ್ಕ ಕಟ್ಟಿದ ಕುಟುಂಬಗಳು ಇಲ್ಲಿ ವಿರಳವಲ್ಲ. ಮನೆಯಲ್ಲಿಯೇ ಕುಳಿತು ಬೀಡಿ ಕಟ್ಟುವವರೂ ಭವಿಷ್ಯನಿಧಿ ಕಾಯಿದೆಯ ವ್ಯಾಪ್ತಿಗೆ ಬರುತ್ತಾರೆಂದು ಸರ್ವೋಚ್ಚ ನ್ಯಾಯಾಲಯವು ಪಿ.ಎಂ. ಪಟೇಲ್ ಮತ್ತು ಸನ್ಸ್ ಪ್ರಕರಣದಲ್ಲಿ 1985ರಲ್ಲಿಯೇ ತೀರ್ಪಿತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದ ತಾಯಿಗೆ ಭವಿಷ್ಯನಿಧಿಯ ಖಾತೆಯಿತ್ತು. ಸ್ನಾತಕೋತ್ತರ ಪದವಿ ಪಡೆದ ಮಗಳು ಸಣ್ಣದೊಂದು ಆಂಗ್ಲಮಾಧ್ಯಮ ಶಾಲೆಯಲ್ಲಿ ಹತ್ತು ವರ್ಷ ದುಡಿದ ಮೇಲೂ ಅಂತಹ ಖಾತೆಯಿಲ್ಲದೆ ಇರಬಹುದು. ಕಾರಣ ಸರಳ. ವಿದ್ಯಾಸಂಸ್ಥೆಗಳನ್ನು 1982ರಲ್ಲಿ ಭವಿಷ್ಯನಿಧಿಯ ವ್ಯಾಪ್ತಿಗೆ ತರಲಾಯಿತಾದರೂ ಅದು ಅನ್ವಯಿಸುವುದು 20 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವಲ್ಲಿ ಮಾತ್ರ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಒಂದೇ ಟ್ರಸ್ಟು ಪ್ರಾಥಮಿಕ ಶಾಲೆಯಲ್ಲಿ 12 ಮಂದಿ, ಪ್ರೌಢಶಾಲೆಯಲ್ಲಿ 14 ಮಂದಿ ಎಂದು ಬೇರೆ ಬೇರೆ ಹಾಜರಿ ಪುಸ್ತಕ ಇಟ್ಟ ಮಾತ್ರಕ್ಕೆ ಹೊಣೆಯಿಂದ ಮುಕ್ತವಾಗುವುದಿಲ್ಲ. ಶಾಖೆಗಳನ್ನು ಒಂದೇ ಸಂಸ್ಥೆಯೆಂದು ಪರಿಗಣಿಸಲು ಕಾನೂನಿನಲ್ಲಿ ಅವಕಾಶವಿದೆ. ವಂತಿಗೆಯ ಲೆಕ್ಕಕ್ಕೆ ವೇತನ ಮಿತಿಯನ್ನು 2014ರ ಸೆಪ್ಟೆಂಬರಿನಲ್ಲಿ ರೂ. 6,500ರಿಂದ ರೂ. 15,000ಕ್ಕೆ ಏರಿಸಲಾಯಿತು. ಆಗ ಕೆಲವೆಡೆ ಮೂಲವೇತನವನ್ನು ತಗ್ಗಿಸಿ ಉಳಿದುದನ್ನು ನಾನಾ ಭತ್ಯೆಗಳೆಂದು ತೋರಿಸುವ ಕ್ರಮ ಬಳಕೆಗೆ ಬಂತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ, ವೇತನದಿಂದ ಹೊರಗಿಡುವ ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧಭಾಗವನ್ನು ಮೀರಿದರೆ ಹೆಚ್ಚುವರಿ ಭಾಗವು ವೇತನಕ್ಕೇ ಸೇರುತ್ತದೆ. ಭತ್ಯೆಯ ಹಾದಿ ಹೀಗೆ ಬಹುಮಟ್ಟಿಗೆ ಮುಚ್ಚಿಹೋಗಿದೆ.

ಉಪದಾನ ಅಥವಾ ಗ್ರಾಚ್ಯುಟಿಯ ಕಥೆ ಇನ್ನೂ ದೀರ್ಘವಾದುದು. 1972ರ ಉಪದಾನ ಪಾವತಿ ಕಾಯಿದೆಯನ್ನು 1997ರ ಏಪ್ರಿಲ್ 3ರ ಅಧಿಸೂಚನೆಯ ಮೂಲಕ ಹತ್ತು ಅಥವಾ ಹೆಚ್ಚು ಸಿಬ್ಬಂದಿಯಿರುವ ವಿದ್ಯಾಸಂಸ್ಥೆಗಳಿಗೆ ವಿಸ್ತರಿಸಲಾಯಿತು. ಆದರೆ ಆ ಕಾಯಿದೆಯಲ್ಲಿದ್ದ 'ನೌಕರ' ಪದದ ವ್ಯಾಖ್ಯೆಯೊಳಗೆ ಶಿಕ್ಷಕರು ಬರುವುದಿಲ್ಲವೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅಂದರೆ ಜವಾನನಿಗೆ ಉಪದಾನ ಉಂಟು, ಮುಖ್ಯೋಪಾಧ್ಯಾಯರಿಗೆ ಇಲ್ಲ ಎಂಬ ವಿಚಿತ್ರ ಸ್ಥಿತಿ. ಸಂಸತ್ತು 2009ರಲ್ಲಿ ವ್ಯಾಖ್ಯೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದಲೇ ಪೂರ್ವಾನ್ವಯವಾಗುವಂತೆ ಮಾಡಿತು. ಖಾಸಗಿ ಶಾಲೆಗಳ ಒಕ್ಕೂಟಗಳು ಇದನ್ನು ಪ್ರಶ್ನಿಸಿದವು. 2022ರ ಆಗಸ್ಟ್ 29ರಂದು ಸರ್ವೋಚ್ಚ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈಗ ಆ ಕಾಯಿದೆಯ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಇದೆ. ಅದರಲ್ಲಿ ನಿಗದಿತ ಅವಧಿಗೆ ನೇಮಕಗೊಂಡವರಿಗೆ ಐದು ವರ್ಷ ಸೇವೆಯ ಷರತ್ತು ಅನ್ವಯಿಸುವುದಿಲ್ಲ ಎಂಬ ಅಂಶವನ್ನು ಪ್ರತಿ ಜೂನ್‌ನಲ್ಲಿ ಹೊಸ ಕರಾರು ಬರೆಸಿಕೊಳ್ಳುವ ಸಂಸ್ಥೆಗಳು ವಿಶೇಷವಾಗಿ ಗಮನಿಸಬೇಕು.

ಲೆಕ್ಕ ಕಷ್ಟದ್ದೇನಲ್ಲ. ಕೊನೆಯ ಮಾಸಿಕ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿದರೆ ಆಯಿತು. ಉದಾಹರಣೆಗೆ, ರೂ. 26,000 ವೇತನದಲ್ಲಿ 20 ವರ್ಷ ಸೇವೆ ಸಲ್ಲಿಸಿ ನಿವೃತ್ತರಾಗುವ ಶಿಕ್ಷಕಿಗೆ ಸಲ್ಲಬೇಕಾದದ್ದು ರೂ. 3,00,000. ಅಂತಹ ಹತ್ತು ಮಂದಿ ಇದ್ದರೆ ರೂ. 30 ಲಕ್ಷ. ಈಗ ಆಡಳಿತ ಮಂಡಳಿಯ ಸದಸ್ಯರು ತಮ್ಮ ಸಂಸ್ಥೆಯ ಅಢಾವೆ ಪತ್ರಿಕೆಯನ್ನು ತೆರೆದು ನೋಡಲಿ. ಹೊಸ ಕಟ್ಟಡ ನಿಧಿ, ವಾಹನ ಸಾಲ, ಠೇವಣಿ ಎಲ್ಲವೂ ಅಲ್ಲಿರುತ್ತವೆ. ಉಪದಾನಕ್ಕೆಂದು ತೆಗೆದಿರಿಸಿದ ಮೊತ್ತ ಅನೇಕ ಸಣ್ಣ ಸಂಸ್ಥೆಗಳಲ್ಲಿ ಇರುವುದಿಲ್ಲ. ನೌಕರರ ಸೌಲಭ್ಯದ ವೆಚ್ಚವನ್ನು ಹಣ ಕೊಟ್ಟ ದಿನವಲ್ಲ, ಸೇವೆ ಪಡೆದ ವರ್ಷದಲ್ಲಿಯೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬುದು 2005ರಲ್ಲಿ ಪರಿಷ್ಕೃತಗೊಂಡ 15ನೆಯ ಲೆಕ್ಕಪತ್ರ ಮಾನದಂಡದ ಸಾರ. ಅದನ್ನು ಪಾಲಿಸದ ಸಂಸ್ಥೆ ಪ್ರತಿ ವರ್ಷ ತೋರಿಸುವ ಉಳಿಕೆಯಲ್ಲಿ ಒಂದು ಭಾಗ ಅದರದ್ದಲ್ಲ, ಸಿಬ್ಬಂದಿಯದ್ದು.

ಹೋಲಿಕೆಯ ಬಿಸಿ

ಸಂಬಳದ ಮೊತ್ತಕ್ಕಿಂತಲೂ ಮನಸ್ಸನ್ನು ಸುಡುವುದು ಹೋಲಿಕೆ. ಹಳೆಯ ಅನುದಾನಿತ ಸಂಸ್ಥೆಗಳ ಅಧ್ಯಾಪಕರ ಕೊಠಡಿಯಲ್ಲಿ ಸರಕಾರಿ ವೇತನಶ್ರೇಣಿಯ ಒಬ್ಬರು, ಆಡಳಿತ ಮಂಡಳಿಯೇ ಸಂಬಳ ಕೊಡುವ ಇನ್ನೊಬ್ಬರು ಅಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತಿರುತ್ತಾರೆ. ವಿದ್ಯಾರ್ಹತೆ ಅದೇ, ಪಾಠದ ಅವಧಿಗಳು ಎರಡನೆಯವರಿಗೇ ಹೆಚ್ಚು, ಸಂಬಳ ಮಾತ್ರ ಮೊದಲನೆಯವರದ್ದರ ಒಂದು ಅಂಶ. ರಾಜ್ಯದ ಏಳನೆಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಸರಕಾರಿ ನೌಕರರ ಕನಿಷ್ಠ ಮೂಲವೇತನ ರೂ. 17,000ದಿಂದ ರೂ. 27,000ಕ್ಕೆ ಏರಿತು. ಅಂದರೆ ಸರಕಾರಿ ಕಚೇರಿಯ ಕೆಳಹಂತದ ನೌಕರನ ಆರಂಭಿಕ ಮೂಲವೇತನವೇ ಅನೇಕ ಖಾಸಗಿ ಶಾಲೆಗಳ ಅನುಭವೀ ಶಿಕ್ಷಕರ ಒಟ್ಟು ಸಂಬಳವನ್ನು ಮೀರಿತು. 2022ರ ಜನವರಿಯಲ್ಲಿ ಸರಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರ ಗೌರವಧನವನ್ನು ಗರಿಷ್ಠ ರೂ. 32,000ಕ್ಕೆ ಏರಿಸಿದಾಗಲೂ, ಅದೇ ವರ್ಷ 15,000 ಪದವೀಧರ ಪ್ರಾಥಮಿಕ ಶಿಕ್ಷಕ ಹುದ್ದೆಗಳಿಗೆ ಅರ್ಜಿ ಕರೆದಾಗಲೂ ಖಾಸಗಿ ಸಂಸ್ಥೆಗಳ ಸಿಬ್ಬಂದಿಗೆ ಹೊರಗಿನ ಬಾಗಿಲು ಅಷ್ಟಷ್ಟು ತೆರೆಯಿತು.

ಸರಕಾರದೊಡನೆ ಸ್ಪರ್ಧಿಸುವುದು ಖಾಸಗಿ ಸಂಸ್ಥೆಗೆ ಸಾಧ್ಯವಿಲ್ಲ ಎಂಬ ವಾದವನ್ನು ಒಪ್ಪಬಹುದು. ಮಂಗಳೂರಿನ ಶುಲ್ಕವನ್ನು ವಿಟ್ಲದಲ್ಲಿಯೋ ವೇಣೂರಿನಲ್ಲಿಯೋ ಕೇಳುವಂತಿಲ್ಲ. ಆದರೆ ಸಂಸ್ಥೆಯ ಒಳಗಿನ ಹೋಲಿಕೆಗೆ ಈ ವಾದ ಉತ್ತರವಾಗದು. ವೈದ್ಯಕೀಯ ಪ್ರವೇಶಕ್ಕೆ ನೀಟ್ ಪರೀಕ್ಷೆ ಕಡ್ಡಾಯವಾದ ನಂತರ ಪದವಿಪೂರ್ವ ಕಾಲೇಜುಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಉಪನ್ಯಾಸಕರ ಬೇಡಿಕೆ ಏರಿತು, ಸಂಬಳವೂ ಏರಿತು. ಪೇಟೆಯ ನಿಯಮ ಬಲ್ಲ ವರ್ತಕರಿಗೆ ಇದು ಅನ್ಯಾಯವೆಂದು ತೋರದು. ಆದರೂ ಅದೇ ಕಾಲೇಜಿನಲ್ಲಿ ಕನ್ನಡವನ್ನೋ ಇತಿಹಾಸವನ್ನೋ ಬೋಧಿಸುವವರ ಸಂಬಳ ವರ್ಷಾನುಗಟ್ಟಲೆ ಚಲಿಸದೆ ನಿಂತಿದ್ದರೆ, ಮತ್ತು ಪ್ರವೇಶಾತಿಯ ಪ್ರಚಾರಕ್ಕೆ ಏಪ್ರಿಲ್-ಮೇ ಬಿಸಿಲಿನಲ್ಲಿ ಮನೆಮನೆಗೆ ತಿರುಗುವ ಕೆಲಸ ಮಾತ್ರ ಅವರ ಪಾಲಿಗೇ ಬಂದರೆ, ಆಗ ಅದು ಪೇಟೆಯ ನಿಯಮವಲ್ಲ, ಆಡಳಿತದ ಅಲಕ್ಷ್ಯ.

ಬೇಸಗೆ ರಜೆಯ ಎರಡು ತಿಂಗಳ ಸಂಬಳ ಕೊಡದೆ ಹತ್ತು ತಿಂಗಳಿಗೆ ನೇಮಿಸುವುದು, ನೇಮಕಾತಿ ಪತ್ರವನ್ನೇ ಕೊಡದಿರುವುದು, ಮೂಲ ಅಂಕಪಟ್ಟಿಗಳನ್ನು ಕಪಾಟಿನಲ್ಲಿ ಇಟ್ಟುಕೊಂಡು ಬಿಟ್ಟುಹೋಗದಂತೆ ತಡೆಯುವುದು, ಬ್ಯಾಂಕಿಗೆ ಪೂರ್ಣ ಸಂಬಳ ಹಾಕಿ ಒಂದು ಭಾಗವನ್ನು ನಗದಾಗಿ ಮರಳಿ ಪಡೆಯುವುದು, ಇಂತಹ ದೂರುಗಳು ದೇಶದ ಖಾಸಗಿ ಶಿಕ್ಷಣರಂಗದಲ್ಲೆಲ್ಲ ಕೇಳಿಬರುತ್ತವೆ. ಪ್ರಮಾಣಪತ್ರಗಳನ್ನು ಅಡವಿನಂತೆ ಇಟ್ಟುಕೊಳ್ಳಲು ಯಾವ ಕಾನೂನಿನ ಆಧಾರವೂ ಇಲ್ಲ. ಕೊನೆಯದಂತೂ ಲೆಕ್ಕಪತ್ರಗಳ ಸುಳ್ಳು. ತೆರಿಗೆ ವಿನಾಯಿತಿ ಪಡೆದ ಟ್ರಸ್ಟಿನ ನೋಂದಣಿಗೇ ಅಪಾಯ ತರಬಲ್ಲದು.

ಶಿಕ್ಷಕರು ಕೈಗಾರಿಕಾ ವಿವಾದ ಕಾಯಿದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು 1988ರಲ್ಲಿ ಸುಂದರಾಂಬಾಳ್ ಪ್ರಕರಣದಲ್ಲಿ ತೀರ್ಮಾನವಾದ ಕಾರಣ ಅವರು ಏನೂ ಮಾಡಲಾರರೆಂದು ಕೆಲವರು ಭಾವಿಸುವುದುಂಟು. ಅದು ಸರಿಯಲ್ಲ. 1995ರಲ್ಲಿ ಜಾರಿಗೆ ಬಂದ ಕರ್ನಾಟಕ ಶಿಕ್ಷಣ ಕಾಯಿದೆಯ 92ನೆಯ ಪ್ರಕರಣವು ವಿಚಾರಣೆಯಿಲ್ಲದೆ ವಜಾ ಮಾಡುವುದನ್ನು ತಡೆಯುತ್ತದೆ. 94ನೆಯ ಪ್ರಕರಣವು ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗುವ ಹಕ್ಕನ್ನು ಕೊಡುತ್ತದೆ. ಈ ಹಕ್ಕನ್ನು ಚಲಾಯಿಸುವವರು ಕಡಿಮೆ. ಹತ್ತಿರದ ಇನ್ನೊಂದು ಶಾಲೆಯ ಸಂಚಾಲಕರೂ ಅದೇ ಬಳಗದವರು ಎಂಬ ಅಳುಕು ಸಣ್ಣ ಊರಿನಲ್ಲಿ ಸಹಜ.

ಕೊರೊನಾ ಕಾಲದ ಪರೀಕ್ಷೆ

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಈ ಎಲ್ಲ ಸಂಗತಿಗಳೂ ಒಮ್ಮೆಲೇ ಮೇಲೆ ಬಂದವು. ಶುಲ್ಕ ಬರಲಿಲ್ಲ. 2021ರ ಜನವರಿಯಲ್ಲಿ ಬೋಧನಾ ಶುಲ್ಕದ ಶೇ. 70ರಷ್ಟನ್ನು ಮಾತ್ರ ಪಡೆಯುವಂತೆ ಸರಕಾರ ಆದೇಶಿಸಿತು. 2021ರ ಜೂನ್‌ನಲ್ಲಿ ಅನುದಾನರಹಿತ ಶಾಲಾ ಶಿಕ್ಷಕರಿಗೆ ಒಂದು ಬಾರಿಗೆ ರೂ. 5,000 ಪರಿಹಾರ ಘೋಷಣೆಯಾಯಿತು. ಬೋಧನೆಯನ್ನು ಬಿಟ್ಟು ತೋಟದ ಕೆಲಸಕ್ಕೆ, ಅಂಗಡಿಯ ಕೆಲಸಕ್ಕೆ ಹೋದವರು ರಾಜ್ಯದೆಲ್ಲೆಡೆ ಇದ್ದರು. ಭವಿಷ್ಯನಿಧಿಯ ಖಾತೆಯಿದ್ದವರಿಗೆ ಆಗ ಮುಂಗಡ ಪಡೆಯುವ ಸೌಲಭ್ಯವಾದರೂ ಇತ್ತು; ಖಾತೆಯಿಲ್ಲದವರಿಗೆ ಸಹಕಾರಿ ಸಂಘದ ಚಿನ್ನದ ಸಾಲವೇ ಗತಿಯಾಯಿತು. ಅರ್ಧ ಸಂಬಳವಾದರೂ ತಿಂಗಳು ತಪ್ಪದೆ ಕೊಟ್ಟ ಆಡಳಿತ ಮಂಡಳಿಗಳನ್ನು ಸಿಬ್ಬಂದಿ ಇಂದಿಗೂ ಕೃತಜ್ಞತೆಯಿಂದ ನೆನೆಯುವುದುಂಟು. ಗಮನಿಸಬೇಕಾದುದೆಂದರೆ ಅವರು ನೆನೆಯುವುದು ಮೊತ್ತವನ್ನಲ್ಲ, 'ತಿಂಗಳು ತಪ್ಪದೆ' ಎಂಬುದನ್ನು.

ಹೊಸ ಕಟ್ಟಡವೋ, ಹಳೆಯ ಸಿಬ್ಬಂದಿಯೋ

ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಮೂರ್ತಿಗಳ ಪೀಠವು, ಅನುದಾನರಹಿತ ಸಂಸ್ಥೆಗಳು ಬೆಳವಣಿಗೆಗಾಗಿ ನ್ಯಾಯಸಮ್ಮತವಾದ ಉಳಿಕೆಯನ್ನು ಇಟ್ಟುಕೊಳ್ಳಬಹುದು, ಆದರೆ ಲಾಭಕೋರತನ ಸಲ್ಲದು ಎಂದು ಹೇಳಿತು. ಕರಾವಳಿಯ ಹೆಸರನ್ನೇ ಹೊತ್ತ ಈ ತೀರ್ಪಿನ 'ಬೆಳವಣಿಗೆ' ಎಂಬ ಪದವನ್ನು ಹೆಚ್ಚಿನ ಆಡಳಿತ ಮಂಡಳಿಗಳು ಕಾಂಕ್ರೀಟಿನಲ್ಲಿಯೇ ಅರ್ಥಮಾಡಿಕೊಂಡಿವೆ. ಪಾಲಕರು ಮೊದಲು ನೋಡುವುದು ಕಟ್ಟಡವನ್ನು ಎಂಬುದು ನಿಜ. ಎರಡನೆಯ ಮಗುವನ್ನು ಅದೇ ಶಾಲೆಗೆ ಸೇರಿಸುವಾಗ ಮಾತ್ರ ಅವರು ಕೇಳುವುದು 'ಮೊದಲಿನ ಟೀಚರ್ ಇದ್ದಾರೆಯೇ' ಎಂದು. ಕಾಲೇಜುಗಳ ಮೌಲ್ಯಾಂಕನ ಮಾಡುವ ನ್ಯಾಕ್ ಸಹ ಅಧ್ಯಾಪಕರ ಅನುಭವವನ್ನೂ ಬೋಧಕ, ಬೋಧಕೇತರ ಸಿಬ್ಬಂದಿಯ ಕ್ಷೇಮಾಭ್ಯುದಯ ಕ್ರಮಗಳನ್ನೂ ಪರಿಗಣಿಸುತ್ತ ಬಂದಿದೆ.

ಆಡಳಿತ ಮಂಡಳಿಗಳಲ್ಲಿರುವ ವರ್ತಕ ಸದಸ್ಯರು ಮುಂದಿನ ಸಭೆಯಲ್ಲಿ ಎರಡು ಅಂಕಿಗಳನ್ನು ಕೇಳಬಹುದು. ಕಳೆದ ಮೂರು ವರ್ಷಗಳಲ್ಲಿ ಎಷ್ಟು ಮಂದಿ ಬಿಟ್ಟುಹೋದರು, ಅವರ ಸೇವಾವಧಿ ಎಷ್ಟು ಎಂಬುದು ಮೊದಲನೆಯದು. ಇಂದಿನ ದಿನಾಂಕಕ್ಕೆ ಸಂಸ್ಥೆಯ ಉಪದಾನದ ಹೊಣೆ ಎಷ್ಟು, ಅದರಲ್ಲಿ ತೆಗೆದಿರಿಸಿದ್ದು ಎಷ್ಟು ಎಂಬುದು ಎರಡನೆಯದು. ಇವು ಸಿಕ್ಕ ಮೇಲೆ ಉಳಿದ ಕ್ರಮಗಳು ತಾವಾಗಿಯೇ ತೋರುತ್ತವೆ. ಎಲ್ಲರಿಗೂ ನೇಮಕಾತಿ ಪತ್ರ, ಚಿಕ್ಕದಾದರೂ ಪ್ರಕಟಿತವಾದ ವೇತನಶ್ರೇಣಿ, ವರ್ಷಕ್ಕೊಂದು ನಿಗದಿತ ಬಡ್ತಿ, ತಿಂಗಳ ಇಂತಿಷ್ಟನೆಯ ದಿನದೊಳಗೆ ಬ್ಯಾಂಕಿಗೆ ಸಂಬಳ. ಸಿಬ್ಬಂದಿಯ ಮಕ್ಕಳಿಗೆ ಶುಲ್ಕ ರಿಯಾಯಿತಿಯನ್ನು ಅನೇಕ ಸಂಸ್ಥೆಗಳು ಈಗಾಗಲೇ ಕೊಡುತ್ತಿವೆ. ಅದನ್ನು ಚಾಲಕನ ಮಗುವಿಗೂ ವಿಸ್ತರಿಸಿದರೆ ಸಂಸ್ಥೆಗೆ ಬೀಳುವ ಹೊರೆ ಅಲ್ಪ. ಖಾಲಿ ಉಳಿದ ಒಂದು ಆಸನಕ್ಕೆ ತಗಲುವ ಖರ್ಚಾದರೂ ಏನು?

ಉಪದಾನದ ಹಿಂಬಾಕಿಯನ್ನು ಒಂದೇ ವರ್ಷದಲ್ಲಿ ತುಂಬಿಸುವುದು ಸಣ್ಣ ಸಂಸ್ಥೆಗೆ ಕಷ್ಟ. ಭಾರತೀಯ ಜೀವವಿಮಾ ನಿಗಮದ ಸಾಮೂಹಿಕ ಉಪದಾನ ಯೋಜನೆಯಂತಹ ವ್ಯವಸ್ಥೆಗಳು ಇರುವುದು ಇದಕ್ಕಾಗಿಯೇ. ಹಿಂದಿನ ಸೇವೆಯ ಹೊಣೆಯನ್ನು ಕೆಲವು ಕಂತುಗಳಲ್ಲಿ ಕಟ್ಟಿ, ಮುಂದಿನದ್ದನ್ನು ವಾರ್ಷಿಕ ವಂತಿಗೆಯಾಗಿ ಸಲ್ಲಿಸಬಹುದು. ಸಿಬ್ಬಂದಿಯ ಹೆಸರು, ಜನ್ಮದಿನಾಂಕ, ಸೇವೆಗೆ ಸೇರಿದ ದಿನಾಂಕ ಮತ್ತು ವೇತನ ಇವಿಷ್ಟರ ಪಟ್ಟಿ ಕೊಟ್ಟರೆ ಮೊತ್ತದ ಅಂದಾಜು ದೊರೆಯುತ್ತದೆ. ಸೇವೆಗೆ ಸೇರಿದ ದಿನಾಂಕವನ್ನು ಹಳೆಯ ಹಾಜರಿ ಪುಸ್ತಕದಿಂದ ಖಚಿತಪಡಿಸಿಕೊಂಡು, ಆಯಾ ಸಿಬ್ಬಂದಿಯ ಸಹಿಯನ್ನೂ ಪಡೆದು ಈ ಪಟ್ಟಿಯನ್ನು ಸಿದ್ಧಪಡಿಸುವುದು ಒಳ್ಳೆಯದು. ಶುಲ್ಕದ ದರ ಗೊತ್ತುಪಡಿಸುವ ಸಭೆಗೆ ಮುನ್ನವೇ ಆ ಅಂದಾಜು ಕೋಶಾಧಿಕಾರಿಗಳ ಕೈಯಲ್ಲಿರಬೇಕು. ಜೂನ್ ಒಂದರಂದು ಶಾಲೆ ತೆರೆದ ಮೇಲೆ ಅದಕ್ಕಾಗಿ ಹಣ ಹೊಂದಿಸುವ ದಾರಿ ಆ ವರ್ಷಕ್ಕೆ ಉಳಿದಿರುವುದಿಲ್ಲ.